ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹರ್ಪಿಸ್: ರಿಪೋರ್ಟು ಕೈಗೆ ಬಂದ ದಿನದಿಂದ ಮುಂದಕ್ಕೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಒಂದು ಸಣ್ಣ ಲ್ಯಾಬಿನಲ್ಲಿ ಬಹಳ ವರ್ಷ ರಕ್ತ ತೆಗೆಯುವ ಕೆಲಸ ಮಾಡಿದವಳು ನಾನು. ಒಂದು ಮಧ್ಯಾಹ್ನ ಪೆರ್ಲದ ಆಚೆಯ ಒಬ್ಬ ಹೆಂಗಸು ತನ್ನ ರಿಪೋರ್ಟು ಒಯ್ಯಲು ಬಂದರು; ಗುಪ್ತಾಂಗದಲ್ಲಿ ಬೊಕ್ಕೆ ಎಬ್ಬಿಸುವ ಹರ್ಪಿಸ್ ವೈರಸ್ಸಿನ ಪರೀಕ್ಷೆಯದು. (ಗುರುತು ಹತ್ತದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.) ಮದುವೆಯಾಗಿ 21 ವರ್ಷ, ಮಗಳು ಡಿಗ್ರಿಗೆ ಸೇರಿದ್ದಳು. ಗಂಡ ಒಳಗೆ ಬರಲಿಲ್ಲ. ಅಂಗಳದಲ್ಲಿ ಸ್ಕೂಟರಿನ ಪಕ್ಕ ನಿಂತು ಹೆಲ್ಮೆಟಿನ ಪಟ್ಟಿಯನ್ನು ಹಾಕುವುದು, ಬಿಚ್ಚುವುದು ಮಾಡುತ್ತಿದ್ದರು. ಆಕೆ ಕಾಗದವನ್ನು ಎರಡು ಸಲ ಓದಿ, ಎಂಟು ಮಡಿಕೆ ಮಾಡಿ, ಮೆಲ್ಲಗೆ ಕೇಳಿದರು: "ಅಕ್ಕಾ, ಇದು ಯಾವಾಗಿನಿಂದ ಇದೆ ಎಂದು ಇದರಲ್ಲಿ ಎಲ್ಲಾದರೂ ಬರೆದಿದೆಯಾ?"

ಬರೆದಿರಲಿಲ್ಲ. ಕಾಗದದ ಮೇಲೆ ಇದ್ದದ್ದು ರಕ್ತ ತೆಗೆದ ತಾರೀಕು ಮಾತ್ರ. ವೈರಸ್ ಮೈಗೆ ಹೊಕ್ಕ ತಾರೀಕನ್ನು ಯಾವ ಲ್ಯಾಬೂ ಮುದ್ರಿಸುವುದಿಲ್ಲ. ಮನೆ ಒಡೆಯುವ ಜಗಳಗಳೆಲ್ಲ ಹುಟ್ಟುವುದು ಈ ಎರಡು ತಾರೀಕುಗಳನ್ನು ಒಂದೇ ಎಂದು ಎಣಿಸುವುದರಿಂದ. ಹಾಗಾಗಿ ಯಾರನ್ನಾದರೂ ಪ್ರಶ್ನೆ ಮಾಡುವ ಮೊದಲು ಕೆಳಗಿನ ಕೆಲಸಗಳನ್ನು ಒಂದೊಂದಾಗಿ ಮುಗಿಸಿಕೊಳ್ಳಿ.

ಹೆಜ್ಜೆ 1: ಚೀಟಿಯಲ್ಲಿ ‘ಹರ್ಪಿಸ್’ ಪದದ ಮುಂದೆ ಏನಿದೆ, ನೋಡಿ

ನಮ್ಮ ಊರಿನಲ್ಲಿ ಸರ್ಪಸುತ್ತು ಎನ್ನುತ್ತೇವಲ್ಲ, ನಾಗನ ಉಪದ್ರ ಎಂದು ಹರಕೆ ಹೊರುತ್ತೇವಲ್ಲ, ಕೆಮ್ಮಣ್ಣು ಹಚ್ಚುತ್ತೇವಲ್ಲ, ಅದರ ಹೆಸರು ಹರ್ಪಿಸ್ ಝೋಸ್ಟರ್. ಚಿಕ್ಕಂದಿನಲ್ಲಿ ಬಂದ ಸಿಡುಬಿನಂಥ ಚಿಕನ್‌ಪಾಕ್ಸಿನ ವೈರಸ್ಸೇ ವರ್ಷಗಳ ಬಳಿಕ ಮತ್ತೆ ತಲೆ ಎತ್ತಿದ್ದು. ದೈಹಿಕ ಸಂಬಂಧಕ್ಕೂ ಅದಕ್ಕೂ ನಂಟಿಲ್ಲ. ಸಾಮಾನ್ಯವಾಗಿ ಮೈಯ ಒಂದೇ ಬದಿಯಲ್ಲಿ ಪಟ್ಟಿಯ ಹಾಗೆ ಹಬ್ಬುತ್ತದೆ. ಕೆಲವೊಮ್ಮೆ ಪೃಷ್ಠ, ತೊಡೆ, ಗುಪ್ತಾಂಗದ ಭಾಗಕ್ಕೂ ಬರುತ್ತದೆ. ಇದಕ್ಕೂ ಗುಪ್ತಾಂಗದ ಹರ್ಪಿಸಿಗೂ ವೈರಸ್ಸನ್ನು ಹತ್ತಿಕ್ಕುವ ಅಸೈಕ್ಲೋವಿರ್ ಮಾತ್ರೆಯನ್ನೇ ಕೊಡುತ್ತಾರೆ, ಪ್ರಮಾಣ ಬೇರೆ. ಚೀಟಿಯ ಅರ್ಧ ಪದ ಓದಿ, ಮೊಬೈಲಿನಲ್ಲಿ ಹುಡುಕಿ, ಗಂಡನ ಸೊಂಟದ ಸರ್ಪಸುತ್ತಿಗೆ ಮೂರು ದಿನ ಮಾತು ಬಿಟ್ಟವರನ್ನು ನಾನು ಕಂಡಿದ್ದೇನೆ.

ಈ ಬರಹ ಇರುವುದು ಇನ್ನೊಂದರ ಬಗ್ಗೆ: ಹರ್ಪಿಸ್ ಸಿಂಪ್ಲೆಕ್ಸ್. ಅದರಲ್ಲಿ ಎರಡು ಬಗೆ. ಒಂದನೆಯದು (ಎಚ್‌ಎಸ್‌ವಿ-1) ಹೆಚ್ಚಾಗಿ ಬಾಯಿಯದು. ಜ್ವರ ಬಿಟ್ಟ ಮೇಲೆ ತುಟಿಯಂಚಿನಲ್ಲಿ ಬೊಕ್ಕೆ ಏಳುತ್ತದೆ, ರಾತ್ರಿ ಏನೋ ಹುಳ ಹರಿದಿರಬೇಕು ಎಂದು ನಾವು ಸುಮ್ಮನಾಗುತ್ತೇವೆ; ಅದೇ ಇದು. ಹೆಚ್ಚಿನವರಿಗೆ ಮಗುವಾಗಿದ್ದಾಗ ಅಮ್ಮನೋ ಅಜ್ಜಿಯೋ ಮುತ್ತು ಕೊಟ್ಟಾಗಲೇ ಅಂಟಿರುತ್ತದೆ. ಎರಡನೆಯದು (ಎಚ್‌ಎಸ್‌ವಿ-2) ಬಹುತೇಕ ದೈಹಿಕ ಸಂಪರ್ಕದಿಂದ ಬರುವಂಥದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಮೊದಲನೆಯದಿದೆ. 15ರಿಂದ 49ರ ನಡುವಿನ 52 ಕೋಟಿ ಜನರಲ್ಲಿ ಎರಡನೆಯದಿದೆ. ಅವರಲ್ಲಿ ಬಹುಪಾಲು ಮಂದಿಗೆ ತಮಗಿದೆ ಎಂಬುದೇ ತಿಳಿದಿಲ್ಲ.

ಹೆಜ್ಜೆ 2: ಯಾವ ಪರೀಕ್ಷೆ ಮಾಡಿದ್ದಾರೆ, ಕೇಳಿ

ಇಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಬೇಕು, ಏಕೆಂದರೆ ನನ್ನ ಕಸುಬಿನವರ ತಪ್ಪುಗಳೂ ಇಲ್ಲೇ ಇವೆ.

ಎಲ್ಲಕ್ಕಿಂತ ನಂಬಬಹುದಾದದ್ದು ಹುಣ್ಣಿನಿಂದಲೇ ಹತ್ತಿಯ ಕಡ್ಡಿಯಲ್ಲಿ ದ್ರವ ತೆಗೆದು ಮಾಡುವ ಪಿಸಿಆರ್. ವೈರಸ್ ಇದೆಯೇ, ಇದ್ದರೆ ಯಾವ ಬಗೆ ಎಂಬ ಎರಡೂ ತಿಳಿಯುತ್ತದೆ. ಆದರೆ ಬೊಕ್ಕೆ ಹಸಿಯಾಗಿರುವ ಮೊದಲ ಒಂದೆರಡು ದಿನದಲ್ಲೇ ತೆಗೆಯಬೇಕು. ಒಣಗಿ ಹಕ್ಕಳೆ ಕಟ್ಟಿದ ಮೇಲೆ ವೈರಸ್ ಇದ್ದರೂ ಸಿಗದೆ ಹೋಗಬಹುದು. ನಾಚಿಕೆಯಿಂದ ಒಂದು ವಾರ ಕಾದು ಬರುವವರೇ ಹೆಚ್ಚು, ಅಷ್ಟರಲ್ಲಿ ಒಳ್ಳೆಯ ಪರೀಕ್ಷೆಯ ಹೊತ್ತು ಮೀರಿರುತ್ತದೆ. ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಜಾಂಕ್ ಪರೀಕ್ಷೆ ಅಗ್ಗ. ಆದರೆ ಸಿಂಪ್ಲೆಕ್ಸಿಗೂ ಸರ್ಪಸುತ್ತಿಗೂ ವ್ಯತ್ಯಾಸ ಹೇಳಲು ಅದಕ್ಕೆ ಬಾರದು.

ಉಳಿದದ್ದು ರಕ್ತ ಪರೀಕ್ಷೆ. ಅದು ಹುಡುಕುವುದು ವೈರಸ್ಸನ್ನಲ್ಲ, ವೈರಸ್ಸಿನ ವಿರುದ್ಧ ಮೈ ತಯಾರಿಸುವ ಪ್ರತಿಕಾಯಗಳನ್ನು; ಐಜಿಎಂ, ಐಜಿಜಿ ಎಂಬುವು ಅದರ ಎರಡು ಬಗೆ. ರಿಪೋರ್ಟಿನಲ್ಲಿ ಐಜಿಎಂ ಎಂದಿದ್ದರೆ ಅದರ ಮೇಲೆ ಯಾವ ತೀರ್ಮಾನಕ್ಕೂ ಬರಬೇಡಿ. ‘ಐಜಿಎಂ ಪಾಸಿಟಿವ್ ಎಂದರೆ ಹೊಸ ಸೋಂಕು’ ಎಂದು ಬಾಯಿಪಾಠ ಒಪ್ಪಿಸುವವರಿದ್ದಾರೆ. ಹರ್ಪಿಸಿನ ವಿಷಯದಲ್ಲಿ ಅದು ಸುಳ್ಳು. ಹಳೆಯ ವೈರಸ್ ಮತ್ತೆ ಎದ್ದಾಗಲೂ ಐಜಿಎಂ ಬರಬಹುದು, ಏನೂ ಇಲ್ಲದೆಯೂ ಬರಬಹುದು. ಈ ಮೂರಕ್ಷರದಿಂದ ಎಷ್ಟು ಹೆಂಡಂದಿರು ತವರಿಗೆ ಹೋದರೋ!

ಐಜಿಜಿ ಎಂದಿದ್ದರೆ ಬಗೆ ಬೇರ್ಪಡಿಸಿ ಬರೆದಿದ್ದಾರೆಯೇ ನೋಡಿ. ‘1+2’ ಎಂದು ಒಟ್ಟಿಗೆ ಬರೆದ ಪಾಸಿಟಿವ್‌ಗೆ ಹೆಚ್ಚು ಬೆಲೆಯಿಲ್ಲ; ತುಟಿಯ ಬೊಕ್ಕೆಯ ವೈರಸ್ ಇರುವವರೆಲ್ಲರೂ ಅದರಲ್ಲಿ ಪಾಸಿಟಿವ್. ಗರ್ಭಿಣಿಯರಿಗೆ, ಗರ್ಭ ನಿಲ್ಲದವರಿಗೆ ಮಾಡಿಸುವ ‘ಟಾರ್ಚ್’ ಪರೀಕ್ಷೆಯಲ್ಲಿ ಅನೇಕ ಸಲ ಹೀಗೆ ಒಟ್ಟಿಗೇ ಇರುತ್ತದೆ. ಇನ್ನು ಎಚ್‌ಎಸ್‌ವಿ-2 ಐಜಿಜಿ ಪಾಸಿಟಿವ್ ಎಂದೇ ಇದ್ದರೆ ಅದರ ಪಕ್ಕದ ಅಂಕೆ ನೋಡಿ. ಹೆಚ್ಚು ಬಳಕೆಯಲ್ಲಿರುವ ಕಿಟ್‌ಗಳಲ್ಲಿ 1.1ರ ಮೇಲೆ ಹೋದರೆ ಪಾಸಿಟಿವ್ ಎಂದು ಮುದ್ರಿಸುತ್ತಾರೆ. ಆದರೆ 3ಕ್ಕಿಂತ ಕೆಳಗಿನ ಅಂಕೆಗಳಲ್ಲಿ ಸುಳ್ಳು ಪಾಸಿಟಿವ್ ಬಹಳ. ಇನ್ನೊಂದು ವಿಧಾನದಿಂದ ಖಚಿತಪಡಿಸಬೇಕು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ 2021ರ ಮಾರ್ಗಸೂಚಿಯೇ ಹೇಳುತ್ತದೆ. 1.4 ಎಂಬ ಅಂಕೆ ಹಿಡಿದುಕೊಂಡು ವಕೀಲರಲ್ಲಿಗೆ ಹೋದವರನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಪೆರ್ಲದ ಆ ಹೆಂಗಸಿನ ಅಂಕೆ 6ರ ಮೇಲಿತ್ತು. ಅಲ್ಲಿ ಸಂಶಯಕ್ಕೆ ಅಷ್ಟು ಎಡೆಯಿರಲಿಲ್ಲ.

ಹೆಜ್ಜೆ 3: ಅದು ಹರ್ಪಿಸೇ ಅಲ್ಲದಿರಬಹುದು

ಪರೀಕ್ಷೆಯಿಲ್ಲದೆ, ಕಣ್ಣಿನಲ್ಲಿ ನೋಡಿ ಮಾತ್ರ ಹೇಳಿದ್ದಾದರೆ ಇದನ್ನು ಓದಿ. ಜ್ವರಕ್ಕೋ ಭೇದಿಗೋ ಮದ್ದಿನ ಅಂಗಡಿಯಿಂದ ತಂದ ಮಾತ್ರೆ ನುಂಗಿದ ಕೆಲವೇ ಹೊತ್ತಿನಲ್ಲಿ ಗುಪ್ತಾಂಗದ ಒಂದೇ ಜಾಗದಲ್ಲಿ ಉರಿದು, ಕೆಂಪಾಗಿ, ಸುಲಿದು, ಕೊನೆಗೆ ಕಪ್ಪು ಕಲೆ ಉಳಿಯುವುದುಂಟು. ಮುಂದಿನ ಸಲ ಅದೇ ಮಾತ್ರೆ ನುಂಗಿದರೆ ಅದೇ ಜಾಗ. ಇದು ಮಾತ್ರೆಯ ಅಲರ್ಜಿ. ಕೆಲವು ಸಲ್ಫಾ ಔಷಧಗಳು, ಆಂಟಿಬಯೋಟಿಕ್‌ಗಳು, ನೋವಿನ ಮಾತ್ರೆಗಳು ಹೀಗೆ ಮಾಡುತ್ತವೆ. ಮರುಕಳಿಸುವ ಕಾರಣ ಹರ್ಪಿಸ್ ಎಂದೇ ತೋರುತ್ತದೆ. ಬೊಕ್ಕೆ ಎದ್ದ ಹಿಂದಿನ ಎರಡು ದಿನ ಏನೇನು ನುಂಗಿದ್ದೀರಿ ಎಂದು ಬರೆದುಕೊಂಡು ಹೋಗಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ ಬೂಷ್ಟಿನ ಸೋಂಕಿನಿಂದ ಚರ್ಮ ಸೀಳುವುದೂ ಇದೆ. ನೋವಿಲ್ಲದ ಒಂದೇ ಹುಣ್ಣಾದರೆ ಸಿಫಿಲಿಸ್ ಪರೀಕ್ಷೆ ಆಗಲೇಬೇಕು.

ಹೆಜ್ಜೆ 4: ‘ಯಾವಾಗ’ ಎಂಬ ಪ್ರಶ್ನೆಗೆ ಸಿಗುವ ಉತ್ತರ ಎಷ್ಟು

ಈ ವೈರಸ್ ಚರ್ಮದಿಂದ ಒಳಹೊಕ್ಕು ನರದ ದಾರಿ ಹಿಡಿದು, ಬೆನ್ನುಹುರಿಯ ಕೆಳತುದಿಯ ಬಳಿ ಇರುವ ನರಗಂಟುಗಳಲ್ಲಿ ಮಲಗುತ್ತದೆ. ತೋಟದ ಬದುವಿನಲ್ಲಿ ಸುವರ್ಣಗಡ್ಡೆ ಮಣ್ಣಿನಡಿ ಇರುವ ಹಾಗೆ. ಮೇಲೆ ಸೊಪ್ಪಿಲ್ಲ, ಗುರುತಿಲ್ಲ, ಹೊಸ ಮಳೆಗೆ ಒಂದು ದಿನ ಮೂತಿ ಹೊರಗೆ ಹಾಕುತ್ತದೆ. ಕೆಲವರಿಗೆ ಅಂಟಿದ 2ರಿಂದ 12 ದಿನದಲ್ಲೇ ಬೊಕ್ಕೆ ಏಳುತ್ತದೆ. ಅನೇಕರಿಗೆ ಏಳುವುದೇ ಇಲ್ಲ, ಅಥವಾ ಎದ್ದರೂ ತುರಿಕೆ, ಬೆವರುಸಾಲೆ, ಒಳಉಡುಪು ಉಜ್ಜಿದ ಗಾಯ ಎಂದು ಮರೆತುಬಿಟ್ಟಿರುತ್ತಾರೆ. ದೊಡ್ಡ ಜ್ವರ, ಶಸ್ತ್ರಚಿಕಿತ್ಸೆ, ಸ್ಟಿರಾಯ್ಡ್ ಮದ್ದು, ನಿದ್ದೆಗೆಟ್ಟ ತಿಂಗಳುಗಳು ಬಂದಾಗ ಹತ್ತಿಪ್ಪತ್ತು ವರ್ಷದ ಹಿಂದಿನ ವೈರಸ್ ‘ಮೊದಲ ಸಲ’ ಕಾಣಿಸಿಕೊಳ್ಳಬಹುದು.

ಇನ್ನೊಂದು: ಹುಣ್ಣೇ ಇಲ್ಲದ ದಿನಗಳಲ್ಲೂ ವೈರಸ್ ಚರ್ಮದ ಮೇಲೆ ಬಂದುಹೋಗುತ್ತದೆ. ಹಾಗಾಗಿ ಒಬ್ಬರಲ್ಲಿ ವರ್ಷಗಟ್ಟಲೆ ಮೌನವಾಗಿದ್ದದ್ದು ಇನ್ನೊಬ್ಬರಿಗೆ ಮೊನ್ನೆ ದಾಟಿರಬಹುದು. ದಾಟಿಸಿದವರಿಗೆ ತಮ್ಮಲ್ಲಿ ಇದೆ ಎಂದು ತಿಳಿದೇ ಇರುವುದಿಲ್ಲ. ಬಾಯಿಯ ಬಗೆಯ ವೈರಸ್ ಗುಪ್ತಾಂಗದಲ್ಲಿ ಸಿಕ್ಕಿದರಂತೂ ಮೂರನೆಯವರ ಮಾತೇ ಬೇಡ, ಬಾಯಿಯಿಂದ ಮಾಡುವ ಸಂಭೋಗ ಸಾಕು.

ಕಾಸರಗೋಡಿನಲ್ಲಿ ಇದಕ್ಕೆ ಗಲ್ಫಿನ ಲೆಕ್ಕವೊಂದು ಸೇರುತ್ತದೆ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವ ಗಂಡ. ಬಂದ ಹತ್ತು ದಿನಕ್ಕೆ ಹೆಂಡತಿಗೆ ಬೊಕ್ಕೆ. ಅತ್ತಿಗೆ ನಾದಿನಿಯರು ಕ್ಯಾಲೆಂಡರ್ ನೋಡಿ ತೀರ್ಪು ಕೊಟ್ಟಾಯಿತು. ಆದರೆ ಮೊದಲೇ ಆಕೆಯಲ್ಲಿ ಮಲಗಿದ್ದ ವೈರಸ್ ಉಜ್ಜುವಿಕೆಯಿಂದ ಎದ್ದಿರಬಹುದು. ಮದುವೆಗೆ ಮೊದಲಿನ ದಿನಗಳಿಂದ ಗಂಡನಲ್ಲಿದ್ದದ್ದು ಈಗ ದಾಟಿರಬಹುದು. ಆತನಿಗೆ ಅಲ್ಲಿ ಬೇರೆ ಸಂಬಂಧ ಇದ್ದಿರಲೂಬಹುದು. ಮೂರೂ ಸಾಧ್ಯ, ಮೂರರಲ್ಲೂ ಬೊಕ್ಕೆ ಒಂದೇ ರೀತಿ ಇರುತ್ತದೆ. ಯಾರೋ ನಿರಪರಾಧಿ ಎಂದು ವೈದ್ಯಶಾಸ್ತ್ರ ಸಾರುತ್ತದೆ ಎಂದೂ ನಾನು ಹೇಳಲಾರೆ. ಮದುವೆಗೆ ಮೊದಲು ಎಂದಾಗ ನೆನಪಿಡಬೇಕಾದ ಒಂದಿದೆ: ಅದು ಯಾವಾಗಲೂ ಪ್ರೇಮ ಪ್ರಸಂಗವಾಗಿರುವುದಿಲ್ಲ. ಒಪ್ಪಿಗೆಯಿಲ್ಲದೆ ನಡೆದ, ಯಾರಲ್ಲೂ ಹೇಳದೆ ನುಂಗಿಕೊಂಡ ಘಟನೆಯೂ ಆಗಿರಬಹುದು. ಗದರಿಸಿ ಕೇಳಿದರೆ ಅದು ಹೊರಗೆ ಬರುವುದಿಲ್ಲ.

ಕಾಲವನ್ನು ಸ್ವಲ್ಪವಾದರೂ ಅಂದಾಜಿಸುವ ಒಂದೇ ದಾರಿ ಇದೆ. ಹುಣ್ಣಿನ ಪಿಸಿಆರ್‌ನಲ್ಲಿ ಎಚ್‌ಎಸ್‌ವಿ-2 ಸಿಕ್ಕಿ, ಅದೇ ದಿನ ತೆಗೆದ ರಕ್ತದಲ್ಲಿ ಅದೇ ಬಗೆಯ ಐಜಿಜಿ ನೆಗೆಟಿವ್ ಇದ್ದು, ಸುಮಾರು 12 ವಾರದ ಮೇಲೆ ಪಾಸಿಟಿವ್ ಆದರೆ ಸೋಂಕು ಇತ್ತೀಚಿನದು. ಮೊದಲ ದಿನವೇ ಎರಡೂ ಪಾಸಿಟಿವ್ ಆಗಿದ್ದರೆ ಬಹುತೇಕ ಹಳೆಯದು. ಎಷ್ಟು ಹಳೆಯದು ಎಂದು ಹೇಳಲಾಗದು. ಇತ್ತೀಚಿನದು ಎಂದು ತಿಳಿದರೂ ಅದು ನಿಮ್ಮ ಸಂಗಾತಿಯ ಹಳೆಯ ಸೋಂಕಿನಿಂದ ಬಂದಿರಬಹುದು ಎಂಬುದನ್ನು ಮರೆಯಬೇಡಿ.

ಪೆರ್ಲದ ಆ ಹೆಂಗಸಿನ ಗಂಡನ ರಕ್ತವನ್ನೂ ಮರುವಾರ ನಾನೇ ತೆಗೆದೆ. ಇಬ್ಬರದೂ ಪಾಸಿಟಿವ್. ಯಾರಿಂದ ಯಾರಿಗೆ ಎಂದು ಹೇಳುವ ಯಂತ್ರ ನಮ್ಮ ಮೇಜಿನ ಮೇಲೆ ಇರಲಿಲ್ಲ, ಮಂಗಳೂರಿನ ದೊಡ್ಡ ಲ್ಯಾಬುಗಳಲ್ಲೂ ಇಲ್ಲ.

ಹೆಜ್ಜೆ 5: ಮನೆಯಲ್ಲಿ ಮಾತು

ರಿಪೋರ್ಟು ಬಂದ ರಾತ್ರಿಯೇ ಮಾತನಾಡಬೇಡಿ, ಹದಿನೈದು ದಿನ ಮುಚ್ಚಿಯೂ ಇಡಬೇಡಿ. ಎರಡು ಮೂರು ದಿನ ಬಿಟ್ಟು, ಮಕ್ಕಳೂ ಹಿರಿಯರೂ ಇಲ್ಲದ ಹೊತ್ತು ನೋಡಿ. ಅಡಿಕೆ ಸುಲಿಯುವ ಜಗಲಿಯಲ್ಲಿ ಅತ್ತೆ ಕುಳಿತಿರುವಾಗ ಈ ಮಾತಿಗೆ ಜಾಗವಿಲ್ಲ. ತೋಟದ ಕಡೆ ನಡೆಯುತ್ತಾ ಮಾತನಾಡುವುದು ಒಳ್ಳೆಯದು ಎಂದು ನನ್ನ ಅನುಭವ. ಮುಖಕ್ಕೆ ಮುಖ ಕೊಟ್ಟು ಕೂರಬೇಕಾಗಿಲ್ಲ, ಕೈಗೊಂದು ಕೆಲಸವೂ ಇರುತ್ತದೆ.

ಶುರು ಮಾಡುವ ಮಾತಿನಲ್ಲೇ ಅರ್ಧ ಕೆಲಸ ಮುಗಿಯುತ್ತದೆ. "ಇದು ನಿಮ್ಮಿಂದಲೇ ಬಂದದ್ದಲ್ಲವಾ" ಎಂದು ತೊಡಗಿದರೆ ಎದುರಿನವರು ಉತ್ತರ ಕೊಡುವುದಿಲ್ಲ, ತಡೆಗೋಡೆ ಕಟ್ಟುತ್ತಾರೆ. "ನನಗೆ ಹೀಗೊಂದು ರಿಪೋರ್ಟು ಬಂದಿದೆ. ಇದು ಎಷ್ಟೋ ವರ್ಷ ಹಳೆಯದಿರಬಹುದು ಎಂದು ಡಾಕ್ಟರು ಹೇಳಿದರು. ನೀವೂ ಒಮ್ಮೆ ತೋರಿಸಿಕೊಳ್ಳಬೇಕಂತೆ" ಎನ್ನಿ. ಗಂಡ ಹೇಳುವುದಾದರೂ ಇಷ್ಟೇ: "ನನಗೆ ಇದು ಯಾವಾಗ ಬಂತೆಂದು ನಿಜವಾಗಿ ಗೊತ್ತಿಲ್ಲ. ನಿನಗೂ ಪರೀಕ್ಷೆ ಆಗಲಿ, ಒಟ್ಟಿಗೇ ಹೋಗುವ." ಮುಚ್ಚಿಟ್ಟದ್ದು ಏನಾದರೂ ಇದ್ದರೆ ಅದನ್ನು ಹೇಳಬೇಕೇ ಎಂಬುದು ನಿಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು, ಆದರೆ ಗೊತ್ತಿದ್ದೂ ಎದುರಿನವರ ಮೇಲೆ ಹೊರಿಸುವುದು ನೀಚತನ.

ಅಣ್ಣ, ಅತ್ತೆ, ಭಾವ ಯಾರನ್ನೂ ಈ ಮಾತಿಗೆ ಕರೆಯಬೇಡಿ. ಪಂಚಾಯಿತಿ ಕೂರಿಸಿ ಬಗೆಹರಿಸುವ ವಿಷಯ ಇದಲ್ಲ. ಹೊಡೆತ ಬಡಿತದ ಭಯ ಇದ್ದರೆ ಮಾತ್ರ ಒಬ್ಬಂಟಿಯಾಗಿ ಹೇಳಹೋಗದೆ ಆಸ್ಪತ್ರೆಯ ಆಪ್ತಸಮಾಲೋಚಕರ ಎದುರಿಗೇ ಹೇಳಿ.

ಕಾನೂನಿನ ಬಗ್ಗೆ ಒಂದು ಮಾತು. ಹಿಂದೂ ವಿವಾಹ ಕಾಯ್ದೆ 1955ರ 13ನೇ ಸೆಕ್ಷನ್ನಿನಲ್ಲಿ ಅಂಟುವ ಲೈಂಗಿಕ ರೋಗವನ್ನು ವಿಚ್ಛೇದನದ ಕಾರಣವಾಗಿ ಹೇಳಿದೆ. ಪರಸಂಗವನ್ನು ಅಪರಾಧ ಎನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 497ನೇ ಸೆಕ್ಷನ್ನನ್ನು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 27ರಂದು ರದ್ದು ಮಾಡಿತು. ಈ ಎರಡನ್ನೂ ಅರ್ಧಂಬರ್ಧ ಕೇಳಿಸಿಕೊಂಡು ಹೆದರುವವರಿದ್ದಾರೆ, ಹೆದರಿಸುವವರೂ ಇದ್ದಾರೆ. ಐಜಿಜಿ ಕಾಗದದಿಂದ ಯಾರು ಎಲ್ಲಿಗೆ ಹೋಗಿದ್ದರು ಎಂಬುದು ಸಿದ್ಧವಾಗುವುದಿಲ್ಲ.

ಹೆಜ್ಜೆ 6: ಎಲ್ಲಿಗೆ ಹೋಗುವುದು

ಚರ್ಮ ಮತ್ತು ಲೈಂಗಿಕ ರೋಗ ತಜ್ಞರು ಒಬ್ಬರೇ ಇರುತ್ತಾರೆ. ಹೊರಗಿನ ಬೋರ್ಡಿನಲ್ಲಿ ‘ಚರ್ಮರೋಗ’ ಎಂದಿರುವುದರಿಂದ ಬೆಂಚಿನಲ್ಲಿ ಕುಳಿತವರಿಗೆ ನಿಮ್ಮದು ತುರಿಕಜ್ಜಿಯೋ ಇನ್ನೊಂದೋ ಗೊತ್ತಾಗುವುದಿಲ್ಲ. ಕೇರಳದ ಸರಕಾರಿ ಆಸ್ಪತ್ರೆಗಳಲ್ಲಿ ಲೈಂಗಿಕ ರೋಗದ ಕ್ಲಿನಿಕ್ಕಿಗೆ ‘ಪುಲರಿ’, ಎಚ್‌ಐವಿ ಪರೀಕ್ಷೆ ಮತ್ತು ಸಮಾಲೋಚನೆಯ ಕೇಂದ್ರಕ್ಕೆ ‘ಜ್ಯೋತಿಸ್’ ಎಂದು ಹೆಸರು. ಕಾಸರಗೋಡು, ಕಾಞಂಗಾಡ್ ಕಡೆ ಹೋದರೆ ಈ ಹೆಸರು ಹೇಳಿ ವಿಚಾರಿಸಿ, ರೋಗದ ಹೆಸರು ಹೇಳಬೇಕಾಗಿಲ್ಲ. ಫೋನಿನಲ್ಲಿ ಕೇಳುವುದಿದ್ದರೆ 1097, ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಉಚಿತ ಸಹಾಯವಾಣಿ.

ನಮ್ಮವರು ಇಂಥದ್ದಕ್ಕೆಲ್ಲ ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಹೋಗುವುದೇ ರೂಢಿ. ಕನ್ನಡವೂ ಸಿಗುತ್ತದೆ, ಪರಿಚಯದವರೂ ಸಿಗುವುದಿಲ್ಲ. ತಪ್ಪಿಲ್ಲ. ಆದರೆ 2020ರ ಮಾರ್ಚಿನಲ್ಲಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದವರು ಪಟ್ಟ ಪಾಡು ನೆನಪಿರಲಿ. ಈಚೆಯೂ ಒಬ್ಬ ಡಾಕ್ಟರು ಇರಲಿ. ಡಾಕ್ಟರು ಮಲಯಾಳಿಯಾದರೆ, ನಾಚಿಕೆಗೆ ಭಾಷೆಯ ತೊಡಕೂ ಸೇರಿ, ನಾವು "ಅಲ್ಲಿ ಸ್ವಲ್ಪ ಉರಿ" ಎಂದಷ್ಟೇ ಹೇಳಿ ಎದ್ದು ಬರುತ್ತೇವೆ. ಮನೆಯಿಂದಲೇ ಬರೆದುಕೊಂಡು ಹೋಗಿ: ಯಾವ ದಿನ ಶುರು, ಬೊಕ್ಕೆಯೋ ಸೀಳೋ, ಎಷ್ಟು, ಹಿಂದೆ ಬಂದದ್ದುಂಟೋ, ಜ್ವರ ಇತ್ತೋ, ತೊಡೆಸಂದಿನಲ್ಲಿ ಗಂಟು ಇತ್ತೋ, ಏನು ಹಚ್ಚಿದಿರಿ. ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆಗಳನ್ನು ಇಬ್ಬರೂ ಒಮ್ಮೆ ಮಾಡಿಸಿಬಿಡಿ.

ಹೆಜ್ಜೆ 7: ಮದ್ದು

ಅಸೈಕ್ಲೋವಿರ್ ಬಂದದ್ದರಿಂದ ಈ ರೋಗದ ಮುಖವೇ ಬದಲಾಯಿತು. ಅದರ ಹಿಂದಿನ ಸಂಶೋಧನೆಯನ್ನು ಮುನ್ನಡೆಸಿದ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಮೊದಲ ಸಲಕ್ಕೆ ಸಾಮಾನ್ಯವಾಗಿ 400 ಮಿಲಿಗ್ರಾಂ, ದಿನಕ್ಕೆ ಮೂರು ಸಲ, 7ರಿಂದ 10 ದಿನ. ಸರಕಾರಿ ಕ್ಲಿನಿಕ್ಕಿನಲ್ಲಿ ಕೆಂಪು ಬಣ್ಣದ, 5ನೇ ನಂಬರಿನ ಕಿಟ್ ಎಂದು ಕೊಡುವುದು ಇದನ್ನೇ. ಮೂತ್ರಪಿಂಡದ ತೊಂದರೆ ಇದ್ದರೆ ಪ್ರಮಾಣ ಬದಲಾಗುತ್ತದೆ, ಹಾಗಾಗಿ ಡಾಕ್ಟರನ್ನು ಕೇಳದೆ ನುಂಗಬೇಡಿ. ಮರುಕಳಿಸುವಾಗ ಬೊಕ್ಕೆಗೆ ಮೊದಲು ಜುಮುಜುಮು ಎನ್ನುತ್ತದೆ. ಆಗಲೇ ಮಾತ್ರೆ ಶುರು ಮಾಡಿದರೆ ಬೇಗ ಅಡಗುತ್ತದೆ. ಪದೇ ಪದೇ ಬರುವವರಿಗೆ ದಿನನಿತ್ಯದ ಮಾತ್ರೆಯೂ ಇದೆ. ವೈರಸ್ ನರದಲ್ಲೇ ಉಳಿಯುತ್ತದೆ, ಪೂರ್ತಿ ತೊಲಗಿಸುವ ಮದ್ದು ಇಲ್ಲ. ವರ್ಷ ಕಳೆದ ಹಾಗೆ ಬರುವುದು ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

ಹಚ್ಚುವ ಮುಲಾಮಿನಿಂದ ಪ್ರಯೋಜನ ಅಲ್ಪ. ಹುಳುಕಡ್ಡಿಗೆಂದು ಅಂಗಡಿಯವರು ಕೊಡುವ, ಸ್ಟಿರಾಯ್ಡ್ ಬೆರೆತ ಟ್ಯೂಬನ್ನು ಮಾತ್ರ ಮುಟ್ಟಲೇಬೇಡಿ, ಹುಣ್ಣು ಹಬ್ಬುತ್ತದೆ.

ಉರಿಮೂತ್ರಕ್ಕೆ ಹೆದರಿ ನೀರು ಕುಡಿಯದಿರುವುದು ಎಲ್ಲರೂ ಮಾಡುವ ತಪ್ಪು. ಮೂತ್ರ ಗಟ್ಟಿಯಾದಷ್ಟೂ ಉರಿ ಜಾಸ್ತಿ. ಬಚ್ಚಲಿನಲ್ಲಿ ಚೊಂಬಿನಿಂದ ಉಗುರುಬೆಚ್ಚಗಿನ ನೀರು ಹೊಯ್ದುಕೊಳ್ಳುತ್ತಾ ಮೂತ್ರ ಮಾಡಿ, ಅರ್ಧ ನೋವು ಇಳಿಯುತ್ತದೆ. ಹತ್ತಿಯ ಬಟ್ಟೆ, ಸಡಿಲ ಲುಂಗಿ ಅಥವಾ ನೈಟಿ. ಮೂತ್ರ ಕಟ್ಟಿಹೋದರೆ, ಕುತ್ತಿಗೆ ಬಿಗಿದು ತಲೆನೋವು ಬಂದರೆ, ಕಣ್ಣು ಕೆಂಪಾಗಿ ನೋವಾದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಹೆಜ್ಜೆ 8: ಒಂದೇ ಮನೆ, ಒಂದೇ ಹಾಸಿಗೆ

ಪಾತ್ರೆ, ಟವೆಲು, ಕೆರೆಯ ನೀರು, ಬಚ್ಚಲ ಕಲ್ಲು ಇವುಗಳಿಂದ ಇದು ಹರಡುವುದಿಲ್ಲ. ಮಡಿ ಮೈಲಿಗೆ ಮಾಡಿ ತಟ್ಟೆ ಬೇರೆ ಇಡುವುದು ಅನ್ಯಾಯ. ಜುಮುಜುಮು ಶುರುವಾದಾಗಿನಿಂದ ಹುಣ್ಣು ಪೂರ್ತಿ ಒಣಗಿ ಚರ್ಮ ಕೂಡುವವರೆಗೆ ಸಂಬಂಧ ಬೇಡ. ಇಬ್ಬರಿಗೂ ಒಂದೇ ಬಗೆ ಇದ್ದರೆ ಒಬ್ಬರಿಂದೊಬ್ಬರಿಗೆ ಮತ್ತೆ ಅಂಟೀತು ಎಂಬ ಭಯ ಹೆಚ್ಚಾಗಿ ಬೇಕಿಲ್ಲ. ಒಬ್ಬರಿಗೆ ಮಾತ್ರ ಇದ್ದರೆ ಕಾಂಡೋಮ್ ಅಪಾಯವನ್ನು ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ಅದು ಮುಚ್ಚದ ಚರ್ಮವೂ ಇದೆಯಲ್ಲ. ಸೋಂಕಿರುವವರು ದಿನಾ ವಾಲಾಸೈಕ್ಲೋವಿರ್ ತೆಗೆದುಕೊಂಡರೆ ಸಂಗಾತಿಗೆ ದಾಟುವುದು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು 2004ರಲ್ಲಿ ದಂಪತಿಗಳ ಮೇಲೆ ನಡೆದ ಅಧ್ಯಯನ ತೋರಿಸಿದೆ.

ಬಸುರಿಯಾಗಿದ್ದರೆ ಡಾಕ್ಟರಿಗೆ ಮುಚ್ಚಿಡಲೇಬೇಡಿ. ಹಳೆಯ ಸೋಂಕಾದರೆ ಮಗುವಿಗೆ ಅಪಾಯ ನೂರಕ್ಕೆ ಒಂದಕ್ಕಿಂತ ಕಡಿಮೆ. ಹೆರಿಗೆಯ ಹೊಸ್ತಿಲಲ್ಲಿ ಹೊಸದಾಗಿ ಅಂಟಿದರೆ ಅದು ನೂರಕ್ಕೆ 30–50ರಷ್ಟಕ್ಕೆ ಏರುತ್ತದೆ. ಹಾಗಾಗಿ ಗಂಡನಿಗೆ ಇದ್ದು ಹೆಂಡತಿಗೆ ಇಲ್ಲದಿದ್ದರೆ ಕೊನೆಯ ಮೂರು ತಿಂಗಳು ದೂರವಿರುವುದು ಅಗತ್ಯ. 36ನೇ ವಾರದಿಂದ ಮಾತ್ರೆ ಕೊಡುವ ಕ್ರಮವಿದೆ. ಹೆರಿಗೆ ನೋವಿನ ಹೊತ್ತಿಗೆ ಹುಣ್ಣಿದ್ದರೆ ಸಿಸೇರಿಯನ್ ಮಾಡುತ್ತಾರೆ.

ಪೆರ್ಲದವರು ಮಳೆಗಾಲ ಕಳೆದ ಮೇಲೆ ಮತ್ತೆ ಬಂದರು, ಗಂಡನ ಸಕ್ಕರೆ ನೋಡಿಸಲಿಕ್ಕೆ. ಆ ಸಲ ಆತ ಒಳಗೆ ಬಂದು ಬೆಂಚಿನಲ್ಲಿ ಕುಳಿತಿದ್ದರು. ಆಕೆ ಚೀಲದಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದರು. ರೇಶನ್ ಕಾರ್ಡು, ತೀರ್ವೆ ರಶೀದಿ, ನಡುವೆ ಎಂಟು ಮಡಿಕೆಯ ಆ ಕಾಗದ. "ಇದನ್ನು ಇನ್ನೂ ಇಟ್ಟುಕೊಳ್ಳಬೇಕಾ ಅಕ್ಕಾ?" ಎಂದರು. ಡಾಕ್ಟರಿಗೆ ತೋರಿಸಲು ಬೇಕಾದೀತು, ಇರಲಿ ಎಂದೆ. ಆಕೆ ಗಂಡನ ಮುಖ ನೋಡಿದರು. ಆತ ಕವರನ್ನು ಕೈಗೆ ತೆಗೆದುಕೊಂಡು, ಕಾಗದವನ್ನು ತೀರ್ವೆ ರಶೀದಿಯ ಹಿಂದಕ್ಕೆ ಸರಿಸಿ, ಬಾಯಿ ಮಡಿಚಿ ಕೊಟ್ಟರು.